ಮೊದಲು ಕಡಲಿನ ವೇಳೆ, ಆಮೇಲೆ ಹೋಟೆಲು

ಪ್ರವಾಸ ಹೊರಡುವವರು ಸಾಮಾನ್ಯವಾಗಿ ಮೊದಲು ನೋಡುವುದು ರಜೆ ಎಷ್ಟು ದಿನ ಸಿಗುತ್ತದೆ ಎಂದು. ಆಮೇಲೆ ವಿಮಾನದ ದರ, ಹೋಟೆಲು, ಕೊನೆಗೆ ನೋಡಬೇಕಾದ ಜಾಗಗಳ ಪಟ್ಟಿ. ಬಹುತೇಕ ಊರುಗಳಿಗೆ ಈ ಕ್ರಮ ಸರಿಹೋಗುತ್ತದೆ. ಅಮೆರಿಕದ ವಾಯವ್ಯ ಮೂಲೆಯಲ್ಲಿ, ವಾಷಿಂಗ್ಟನ್ ರಾಜ್ಯದ ಪಶ್ಚಿಮದ ಅಂಚಿನಲ್ಲಿರುವ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಕರಾವಳಿಗೆ ಮಾತ್ರ ಸರಿಹೋಗುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ದಂಡೆಯಲ್ಲಿ ಕಾಲಿಡಬಹುದು ಎಂಬುದನ್ನು ಅಲ್ಲಿ ಉಬ್ಬರ-ಇಳಿತಗಳೇ ತೀರ್ಮಾನಿಸುತ್ತವೆ. ಆದ್ದರಿಂದ ಅಲ್ಲಿಗೆ ಹೋಗುವವರು ಉಬ್ಬರ-ಇಳಿತದ ಪಟ್ಟಿಯಿಂದಲೇ ಯೋಜನೆ ಶುರುಮಾಡಬೇಕು. ಪಟ್ಟಿ ನೋಡಿ ದಿನಾಂಕ, ದಿನಾಂಕ ನೋಡಿ ತಂಗುವ ಊರು, ಉಳಿದದ್ದೆಲ್ಲ ಆಮೇಲೆ ಎಂಬುದು ಈ ಲೇಖನದ ವಾದ. ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಕರಾವಳಿ ಕಾರಿನಲ್ಲಿ ನಾಲ್ಕು ಗಂಟೆಯ ಆಸುಪಾಸಿನ ದಾರಿ. ಬೇಸಿಗೆಯಲ್ಲಿ ಮಕ್ಕಳನ್ನು ನೋಡಲು ಊರಿನಿಂದ ಹೋಗುವ ಅಪ್ಪ-ಅಮ್ಮಂದಿರಿಗೂ ಅದು ಎಟುಕುವಷ್ಟು ಹತ್ತಿರ. ಹಾಗಾಗಿ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದು ಉಪಯುಕ್ತ.

ಈ ಉದ್ಯಾನಕ್ಕೆ ಮೂರು ಮುಖಗಳಿವೆ. ನಡುವೆ ಹಿಮನದಿಗಳ ಪರ್ವತಗಳು. ಅವುಗಳಲ್ಲಿ ಎತ್ತರದ್ದು 2,432 ಮೀಟರಿನ ಮೌಂಟ್ ಒಲಿಂಪಸ್. ಅದರ ಪಶ್ಚಿಮದ ಕಣಿವೆಗಳಲ್ಲಿ ಹೋ ಎಂಬ ಮಳೆಕಾಡು. ಇವೆರಡರಿಂದಲೂ ಪ್ರತ್ಯೇಕವಾಗಿ, ಪೆಸಿಫಿಕ್ ಸಾಗರದ ಅಂಚಿಗೆ ಸುಮಾರು 117 ಕಿಲೋಮೀಟರ್ ಉದ್ದದ ಕಿರಿದಾದ ಕರಾವಳಿ ಪಟ್ಟಿ. 1938ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದಾಗ ಉದ್ಯಾನ ಸ್ಥಾಪನೆಯಾಯಿತು. ಕರಾವಳಿ ಪಟ್ಟಿ ಅದಕ್ಕೆ ಸೇರಿದ್ದು 1953ರಲ್ಲಿ. 1981ರಲ್ಲಿ ಇಡೀ ಉದ್ಯಾನ ವಿಶ್ವ ಪರಂಪರೆಯ ತಾಣವಾಯಿತು. ಕರಾವಳಿಯ ದಕ್ಷಿಣ ತುದಿಯ ಕಲೇಲಾಕ್‌ನಿಂದ ರೂಬಿ ಬೀಚ್‌ವರೆಗೆ ಹೆದ್ದಾರಿ 101 ಕಡಲಿನ ಪಕ್ಕದಲ್ಲೇ ಸಾಗುತ್ತದೆ. ಅದನ್ನು ಬಿಟ್ಟರೆ ದಂಡೆಯುದ್ದಕ್ಕೂ ರಸ್ತೆಯೇ ಇಲ್ಲ. ಉತ್ತರ ಭಾಗದಲ್ಲೂ ಕಡಲಂಚಿನ ರಸ್ತೆ ಹಾಕಬೇಕೆಂಬ ಒತ್ತಾಯ ಬಂದಾಗ, 1958ರ ಆಗಸ್ಟ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಹಲವಾರು ಜನರನ್ನು ಕಟ್ಟಿಕೊಂಡು ಅಲಾವಾ ಭೂಶಿರದಿಂದ ರಿಯಾಲ್ಟೊ ಬೀಚಿನತ್ತ ಮೂರು ದಿನ ದಂಡೆಯ ಮೇಲೇ ನಡೆದು ಪ್ರತಿಭಟಿಸಿದರು. ಆ ರಸ್ತೆ ಬರಲಿಲ್ಲ. ಅದರ ಫಲವಾಗಿ ಇಂದಿಗೂ ಅಲ್ಲಿ ಕಾರಿನ ಕಿಟಕಿಯಿಂದ ನೋಡಿ ಮುಗಿಸುವ ಕಡಲು ಇಲ್ಲ. ದಂಡೆಯೇ ದಾರಿ, ಆ ದಾರಿ ದಿನಕ್ಕೆರಡು ಬಾರಿ ನೀರಿನಡಿಗೆ ಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಬೆಳೆದವರಿಗೂ ಇದು ತಟ್ಟನೆ ಹೊಳೆಯಲಿಕ್ಕಿಲ್ಲ. ಮಂಗಳೂರು, ಮಲ್ಪೆಗಳಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ವ್ಯತ್ಯಾಸ ಒಂದೂವರೆ ಮೀಟರಿನ ಆಸುಪಾಸು. ದಂಡೆಯೂ ಮರಳಿನದು. ನೀರು ಏರಿದರೆ ನಾಲ್ಕು ಹೆಜ್ಜೆ ಹಿಂದೆ ಸರಿದು ಕುಳಿತರೆ ಮುಗಿಯಿತು. ಉಬ್ಬರ-ಇಳಿತದ ಲೆಕ್ಕ ಮೀನುಗಾರರಿಗೆ ಬೇಕು, ಸಂಜೆ ಗಾಳಿಗೆ ಬಂದವರಿಗೆ ಬೇಕಿಲ್ಲ. ಒಲಿಂಪಿಕ್ ಕರಾವಳಿಯಲ್ಲಿ ಸರಾಸರಿ ವ್ಯತ್ಯಾಸವೇ ಎರಡೂವರೆ ಮೀಟರ್, ಹುಣ್ಣಿಮೆ-ಅಮಾವಾಸ್ಯೆಗಳ ಹತ್ತಿರ ಅದು ಮೂರು ಮೀಟರನ್ನೂ ದಾಟುತ್ತದೆ. ಹಿಂದೆ ಸರಿಯೋಣವೆಂದರೆ ಹಲವೆಡೆ ಬೆನ್ನಿಗೆ ನೇರವಾದ ಬಂಡೆಗೋಡೆ. ಎರಡು ಕೊಲ್ಲಿಗಳ ನಡುವೆ ಭೂಶಿರವೊಂದು ಕಡಲಿಗೆ ಚಾಚಿಕೊಂಡಿದ್ದರೆ ಅದರ ಮೂಗನ್ನು ಬಳಸಿ ಆಚೆ ಹೋಗಲು ಇಳಿತದ ಹೊತ್ತಿನಲ್ಲಿ ಮಾತ್ರ ಸಾಧ್ಯ. ಆಚೆಯ ಕೊಲ್ಲಿಯಲ್ಲಿ ಮೈಮರೆತು ಕುಳಿತಾಗ ನೀರೇರಿದರೆ ಮುಂದಕ್ಕೂ ಹೋಗುವಂತಿಲ್ಲ, ಹಿಂದಕ್ಕೂ ಬರುವಂತಿಲ್ಲ. ಕೆಲವು ಭೂಶಿರಗಳನ್ನಂತೂ ಎಂಥ ಇಳಿತದಲ್ಲೂ ಬಳಸಲಾಗುವುದಿಲ್ಲ. ಅಂಥಲ್ಲಿ ಕೆಂಪು-ಕಪ್ಪು ವೃತ್ತದ ಫಲಕವೊಂದನ್ನು ಮರಕ್ಕೆ ಬಡಿದಿರುತ್ತಾರೆ, ಅಲ್ಲಿಂದ ಹಗ್ಗ ಅಥವಾ ಮರದ ಏಣಿ ಹಿಡಿದು ಕಾಡಿನೊಳಗೆ ಹತ್ತಿ ಆಚೆ ಇಳಿಯಬೇಕು. ಈ ಕರಾವಳಿಯ ಚಾರಣ ನಕಾಶೆಗಳಲ್ಲಿ ಇಂತಿಂಥ ಭೂಶಿರವನ್ನು ನೀರು ಇಷ್ಟು ಅಡಿಗಿಂತ ಕೆಳಗಿದ್ದಾಗ ಮಾತ್ರ ದಾಟಿ ಎಂದು ಅಂಕಿ ಬರೆದಿರುತ್ತಾರೆ. ಪಟ್ಟಿ ಕೈಯಲ್ಲಿ ಇಲ್ಲದವರಿಗೆ ಆ ಅಂಕಿಯಿಂದ ಏನೂ ಪ್ರಯೋಜನವಿಲ್ಲ.

ಪಟ್ಟಿ ಓದುವುದು ಕಷ್ಟದ ವಿದ್ಯೆಯೇನಲ್ಲ. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ ಇದನ್ನು ಪುಕ್ಕಟೆಯಾಗಿ ಕೊಡುತ್ತದೆ. ಈ ಭಾಗಕ್ಕೆ ನೋಡಬೇಕಾದದ್ದು ಲಾ ಪುಷ್ ಎಂಬ ಊರಿನ ಪಟ್ಟಿ. ಜೂನ್ ತಿಂಗಳ ಒಂದು ದಿನದ ಸಾಲುಗಳು ಹೀಗಿವೆ ಎಂದಿಟ್ಟುಕೊಳ್ಳಿ: ನಡುರಾತ್ರಿ ದಾಟಿ ಉಬ್ಬರ 9 ಅಡಿ, ಬೆಳಿಗ್ಗೆ 6:50ಕ್ಕೆ ಇಳಿತ ಮೈನಸ್ 1.4 ಅಡಿ, ಮಧ್ಯಾಹ್ನ 1:30ಕ್ಕೆ ಉಬ್ಬರ 7 ಅಡಿ, ಸಂಜೆ 6:40ಕ್ಕೆ ಇಳಿತ 3 ಅಡಿ. ದಿನದ ಎರಡು ಇಳಿತಗಳಲ್ಲಿ ಹೆಚ್ಚು ಕೆಳಗಿಳಿಯುವುದರ ದೀರ್ಘಕಾಲದ ಸರಾಸರಿಯನ್ನು ಸೊನ್ನೆ ಎಂದು ಹಿಡಿದಿರುತ್ತಾರೆ. ಮೈನಸ್ ಎಂದರೆ ಆ ಸರಾಸರಿಗಿಂತಲೂ ಕೆಳಗೆ, ಅಂದರೆ ಸಾಮಾನ್ಯ ಇಳಿತದಲ್ಲಿ ನೀರಿನಡಿಯೇ ಉಳಿಯುವ ಬಂಡೆಗಳು ಅಂದು ಕಾಣುತ್ತವೆ ಎಂದು ಅರ್ಥ. ಒಂದೇ ದಿನದ ಎರಡು ಇಳಿತಗಳ ನಡುವಿನ ಅಂತರವನ್ನು ಗಮನಿಸಿ. ಬೆಳಗಿನ ಇಳಿತದಲ್ಲಿ ಒಣಗಿ ನಿಂತ ಜಾಗದಲ್ಲಿ ಸಂಜೆಯ ಇಳಿತದಲ್ಲಿ ನಾಲ್ಕು ಅಡಿಗಿಂತ ಹೆಚ್ಚು ನೀರು ನಿಂತಿರುತ್ತದೆ. ಇಳಿತ ಎಂದು ಬರೆದಿದೆಯಲ್ಲ ಎಂದು ಸಂಜೆ ಹೋದವರಿಗೆ ರಿಯಾಲ್ಟೊ ಬೀಚಿನ ಹೋಲ್-ಇನ್-ದಿ-ವಾಲ್, ಅಂದರೆ ಅಲೆಗಳು ಕೊರೆದ ಕಲ್ಲಿನ ಕಮಾನು, ದೂರದಿಂದ ಕಂಡೀತೇ ಹೊರತು ಅದರೊಳಗೆ ನುಸುಳಿ ಆಚೆ ಹೋಗಲು ಬರಲಿಕ್ಕಿಲ್ಲ. ಇನ್ನೊಂದು ಮುಖ್ಯ ಸಂಗತಿ ನೀರು ಏರುವ ವೇಗ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಆದರೆ ನೀರು ಒಂದೇ ಸಮನೆ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಏರುವುದು ಒಟ್ಟು ಏರಿಕೆಯ ಹನ್ನೆರಡನೇ ಒಂದು ಭಾಗದಷ್ಟು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಕಾಲು ಭಾಗ. ಮೇಲಿನ ಉದಾಹರಣೆಯಲ್ಲೇ ನೋಡಿದರೆ ಏಳೂವರೆ ಗಂಟೆಗೆ ನೀರು ಇನ್ನೂ ಬಂದಂತೆಯೇ ತೋರುವುದಿಲ್ಲ. ಒಂಬತ್ತರಿಂದ ಹನ್ನೊಂದರ ನಡುವೆ ನಾಲ್ಕು ಅಡಿಯಷ್ಟು ಏರಿಬಿಟ್ಟಿರುತ್ತದೆ. ಜನ ಸಿಕ್ಕಿಹಾಕಿಕೊಳ್ಳುವುದು ಈ ನಡುವಿನ ಗಂಟೆಗಳಲ್ಲಿ. ಇಳಿತದ ಸಮಯಕ್ಕಿಂತ ಒಂದೂವರೆ ಗಂಟೆ ಮುಂಚೆಯೇ ದಂಡೆಗಿಳಿದು, ಇಳಿತ ಮುಟ್ಟಿದ ಕೂಡಲೇ ಹಿಂದಿರುಗುವ ಮುಖ ಮಾಡಬೇಕೆಂದು ಬಲ್ಲವರು ಹೇಳುವುದು ಅದಕ್ಕೇ.

ಪಟ್ಟಿಯಿಂದ ಹೊರಡುವ ಎರಡನೆಯ ತೀರ್ಮಾನ ತಂಗುವ ಊರಿನದು. ಬೇಸಿಗೆಯಲ್ಲಿ ಈ ಕರಾವಳಿಯ ಆಳವಾದ ಇಳಿತಗಳು ಸಾಮಾನ್ಯವಾಗಿ ಬೆಳಿಗ್ಗೆ ಆರರಿಂದ ಒಂಬತ್ತರ ನಡುವೆ ಬೀಳುತ್ತವೆ. ಚಳಿಗಾಲದಲ್ಲಿ ಕತ್ತಲಾದ ಮೇಲೆ. ಬಹಳಷ್ಟು ಪ್ರವಾಸಿಗಳು ಹೋಟೆಲುಗಳು ಹೆಚ್ಚಿರುವ ಪೋರ್ಟ್ ಏಂಜಲಿಸ್‌ನಲ್ಲಿ ಕೋಣೆ ಹಿಡಿಯುತ್ತಾರೆ. ಅಲ್ಲಿಂದ ರಿಯಾಲ್ಟೊ ಬೀಚಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಒಂದೂವರೆ ಗಂಟೆಯ ತಿರುವುಮುರುವಿನ ರಸ್ತೆ. ತಿಂಡಿ ಮುಗಿಸಿ ಎಂಟಕ್ಕೆ ಹೊರಟರೆ ತಲುಪುವ ಹೊತ್ತಿಗೆ ನೀರು ವೇಗವಾಗಿ ಏರುತ್ತಿರುತ್ತದೆ. ಬೂದು ಬಣ್ಣದ ಅಲೆಗಳನ್ನು ನೋಡಿ, ನಾಲ್ಕು ಫೋಟೊ ತೆಗೆದು, ಚಳಿಗೆ ನಡುಗಿ ವಾಪಸು ಬರುತ್ತಾರೆ. ಕಡಲು ಅವರಿಗೆ ಏನನ್ನೂ ತೋರಿಸಿರುವುದಿಲ್ಲ. ಅದೇ ಫೋರ್ಕ್ಸ್ ಊರಿನಲ್ಲೋ, ಲಾ ಪುಷ್‌ನಲ್ಲಿ ಕ್ವಿಲಿಯೂಟ್ ಬುಡಕಟ್ಟಿನವರೇ ನಡೆಸುವ ವಸತಿಗೃಹದಲ್ಲೋ, ಮೋರಾ ಅಥವಾ ಕಲೇಲಾಕ್ ಶಿಬಿರತಾಣದಲ್ಲೋ ಉಳಿದವರು ಅರ್ಧ ಗಂಟೆಯೊಳಗೆ ಯಾವುದಾದರೊಂದು ದಂಡೆಯಲ್ಲಿರುತ್ತಾರೆ. ಜೂನ್ ತಿಂಗಳಲ್ಲಿ ಅಲ್ಲಿ ಹಗಲು ಹದಿನಾರು ಗಂಟೆಯದು. ಐದೂವರೆಗೇ ಬೆಳಕು ಹರಿದಿರುತ್ತದೆ.

ಆ ಬೆಳಗಿನ ಇಳಿತದಲ್ಲಿ ಏನು ಕಾಣುತ್ತದೆ ಎಂಬುದನ್ನು ಹೇಳದೆ ಈ ವಾದ ಪೂರ್ತಿಯಾಗುವುದಿಲ್ಲ, ಏಕೆಂದರೆ ಅಷ್ಟು ಬೇಗ ಏಳುವುದಕ್ಕೆ ಕಾರಣ ಬೇಕಲ್ಲ. ಬಂಡೆಗಳ ಮೇಲ್ಭಾಗದಲ್ಲಿ ಬಿಳಿಯ ಬಾರ್ನಕಲ್‌ಗಳ ಪಟ್ಟೆ. ಅದರ ಕೆಳಗೆ, ನಮ್ಮ ಕರಾವಳಿಯ ಪಚ್ಚಿಲೆಯ ಸಂಬಂಧಿಗಳಾದ ಕಪ್ಪುನೀಲಿ ಮಸೆಲ್ ಚಿಪ್ಪುಗಳ ಒತ್ತೊತ್ತಾದ ಹಾಸು. ಅದಕ್ಕೂ ಕೆಳಗೆ, ಬಿರುಕುಗಳಲ್ಲಿ ಮೈಚಾಚಿಕೊಂಡ ಕಿತ್ತಳೆ ಮತ್ತು ನೇರಳೆ ಬಣ್ಣದ ನಕ್ಷತ್ರಮೀನುಗಳು, ನೀರು ನಿಂತ ಗುಂಡಿಗಳಲ್ಲಿ ಹಸಿರು ಎಸಳುಗಳನ್ನು ಬಿಚ್ಚಿದ ಸೀ ಅನಿಮೋನ್‌ಗಳು. ಮಸೆಲ್ ಹಾಸಿನ ಕೆಳಗಡಿ ಗೆರೆ ಎಳೆದಂತೆ ಏಕೆ ನಿಂತುಬಿಡುತ್ತದೆ ಎಂಬುದನ್ನು ತೋರಿಸಿಕೊಟ್ಟವರು ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಪೇಯ್ನ್. 1963ರಿಂದ ಅವರು ಉದ್ಯಾನದ ಉತ್ತರಕ್ಕಿರುವ ಮಕಾ ಕೊಲ್ಲಿಯ ಬಂಡೆಯೊಂದರ ಮೇಲಿನ ನಕ್ಷತ್ರಮೀನುಗಳನ್ನೆಲ್ಲ ಸಲಾಕೆಯಿಂದ ಎಬ್ಬಿಸಿ ಕಡಲಿಗೆ ಎಸೆಯುತ್ತಾ ಬಂದರು. ಪಕ್ಕದ ಬಂಡೆಯನ್ನು ಹಾಗೆಯೇ ಬಿಟ್ಟರು. ತಿನ್ನುವವರಿಲ್ಲದ ಮಸೆಲ್‌ಗಳು ಕೆಳಕ್ಕಿಳಿದು ಬಂಡೆಯನ್ನು ಆಕ್ರಮಿಸಿದವು, ಮಿಕ್ಕ ಜೀವಿಗಳಿಗೆ ಜಾಗ ತಪ್ಪಿತು, ಹದಿನೈದು ಪ್ರಭೇದಗಳಿದ್ದಲ್ಲಿ ಎಂಟು ಉಳಿದವು. ಸಂಖ್ಯೆಯಲ್ಲಿ ಕಡಿಮೆಯಿದ್ದರೂ ಇಡೀ ಸಮುದಾಯವನ್ನು ಹಿಡಿದಿಡುವ ಇಂಥ ಜೀವಿಯನ್ನು 1969ರಲ್ಲಿ ಅವರು ಕೀಸ್ಟೋನ್ ಪ್ರಭೇದ ಎಂದು ಕರೆದರು. ಇಂದು ಹುಲಿಯ ಬಗ್ಗೆ, ಆನೆಯ ಬಗ್ಗೆ ಆ ಮಾತನ್ನು ಬಳಸುವವರೆಲ್ಲ ಈ ಕರಾವಳಿಯ ಬಂಡೆಗೆ ಋಣಿಗಳು. 2013ರ ನಂತರ ರೋಗವೊಂದು ಹಬ್ಬಿ ಪೆಸಿಫಿಕ್ ದಂಡೆಯುದ್ದಕ್ಕೂ ಲೆಕ್ಕವಿಲ್ಲದಷ್ಟು ನಕ್ಷತ್ರಮೀನುಗಳು ಕರಗಿ ಸತ್ತವು. ಹಾಗಾಗಿ ಉಳಿದಿರುವವನ್ನು ಕಿತ್ತು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುವುದು ತಪ್ಪು, ಮಕ್ಕಳಿಗೆ ಹೊರಡುವ ಮೊದಲೇ ಇದನ್ನು ಹೇಳಿಡಬೇಕು. ಬರಿಯ ಬಂಡೆಯ ಮೇಲೆ ಅಥವಾ ಮರಳಿನ ಮೇಲೆ ಕಾಲಿಡುವುದು, ಚಿಪ್ಪುಗಳ ಮೇಲಲ್ಲ. ಇದನ್ನೆಲ್ಲ ಬಿಟ್ಟು ದೂರಕ್ಕೆ ಕಣ್ಣು ಹಾಯಿಸಿದರೆ ಅಲೆಗಳಾಚೆ ಕಡಲ ನೀರುನಾಯಿಗಳು ಅಂಗಾತ ತೇಲುತ್ತಿರಬಹುದು. ತುಪ್ಪಳದ ವ್ಯಾಪಾರಕ್ಕೆ ಬಲಿಯಾಗಿ ಈ ರಾಜ್ಯದಿಂದಲೇ ಅಳಿದುಹೋಗಿದ್ದ ಅವುಗಳನ್ನು 1969 ಮತ್ತು 1970ರಲ್ಲಿ ಅಲಾಸ್ಕದ ಆಮ್‌ಚಿಟ್ಕಾ ದ್ವೀಪದಿಂದ 59ರಷ್ಟು ತಂದು ಬಿಟ್ಟರು. ಈಗ ಅವು ಎರಡು ಸಾವಿರ ಮೀರಿವೆ.

ಇಷ್ಟು ದೂರ ಬಂದು ಒಂದೆರಡು ದಂಡೆಗಳ ಸುತ್ತಲೇ ಇರುವುದೇ, ಮಳೆಕಾಡು, ಹರಿಕೇನ್ ರಿಡ್ಜ್‌ನ ಪರ್ವತದೃಶ್ಯ, ಕ್ರೆಸೆಂಟ್ ಸರೋವರ ಇವೆಲ್ಲ ಬೇಡವೇ ಎಂಬುದು ಸಹಜವಾಗಿ ಬರುವ ಆಕ್ಷೇಪ. ರಜೆ ಸಿಗುವುದೇ ನಾಲ್ಕು ದಿನ ಎಂದಾಗ ಆ ಮಾತಿಗೆ ತೂಕವಿದೆ. ಆದರೆ ಹೋ ಮಳೆಕಾಡಿಗೆ ಗಳಿಗೆ ಇಲ್ಲ. ಬೆಳಿಗ್ಗೆ ಹತ್ತಕ್ಕೂ ಸಂಜೆ ಆರಕ್ಕೂ ಅದೇ ಹಾವಸೆ, ಅದೇ ಮುಗಿಲೆತ್ತರದ ಸಿಟ್ಕಾ ಸ್ಪ್ರೂಸ್ ಮರಗಳು. ಸರೋವರವೂ ಹಾಗೆಯೇ. ಗಳಿಗೆ ಇರುವುದು ಕಡಲಿಗೆ ಮಾತ್ರ. ಅದಕ್ಕೆ ಬೆಳಗಿನ ಮೂರು ಗಂಟೆ ಎತ್ತಿಟ್ಟರೆ ಉಬ್ಬರದ ಇಡೀ ಮಧ್ಯಾಹ್ನ ಮಳೆಕಾಡಿಗೆ ಉಳಿಯುತ್ತದೆ, ಫೋರ್ಕ್ಸ್‌ನಿಂದ ಅದು ಒಂದು ಗಂಟೆಯ ದಾರಿ. ಬಿಡಬೇಕಾದದ್ದು ಜಾಗಗಳನ್ನಲ್ಲ, ದಿನಕ್ಕೊಂದು ಊರಿನಲ್ಲಿ ಕೋಣೆ ಹಿಡಿದು ಉದ್ಯಾನವಿರುವ ಇಡೀ ಪರ್ಯಾಯದ್ವೀಪವನ್ನು ಸುತ್ತುವ ಹಟವನ್ನು. ಕರಾವಳಿಯ ಹತ್ತಿರ ಕನಿಷ್ಠ ಎರಡು ರಾತ್ರಿ ಒಂದೇ ಕಡೆ ಉಳಿದರೆ ಮೊದಲ ಬೆಳಿಗ್ಗೆ ದಟ್ಟ ಮಂಜು ಕವಿದರೂ ಎರಡನೆಯದು ಕೈಗೆ ಸಿಗುತ್ತದೆ. ಇಳಿತದ ಸಮಯ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದಕ್ಕೆ ಹೋಗುವುದರಿಂದ ಮರುದಿನ ಅಷ್ಟು ಹೊತ್ತು ಹೆಚ್ಚು ಮಲಗಬಹುದು ಕೂಡ.

ಅಲ್ಲಿಯ ಹವೆಯನ್ನು ನಂಬುವಂತಿಲ್ಲ, ಹೀಗಿರುವಾಗ ತಿಂಗಳುಗಟ್ಟಲೆ ಮುಂಚೆ ಏನು ಯೋಜನೆ ಹಾಕುವುದು ಎಂದು ಕೇಳುವವರಿದ್ದಾರೆ. ಹವೆ ನಿಜಕ್ಕೂ ಚಂಚಲ. ಹೋ ಕಣಿವೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆಗುಂಬೆಯ ಮಳೆಯ ಅರ್ಧದಷ್ಟಾದರೂ ಅದು ಬೀಳುವ ಕಾಲ ನಮಗೆ ತಿರುಗುಮುರುಗು: ನವೆಂಬರಿನಿಂದ ಚಳಿಗಾಲದುದ್ದಕ್ಕೂ ಸುರಿದು, ನಮ್ಮಲ್ಲಿ ಜಡಿಮಳೆ ಹಿಡಿಯುವ ಜುಲೈ-ಆಗಸ್ಟ್‌ನಲ್ಲಿ ಅಲ್ಲಿ ಬಿಡುವು ಕೊಡುತ್ತದೆ. ಬಿಡುವಿನ ಕಾಲದಲ್ಲೂ ತಣ್ಣನೆಯ ಕಡಲಿನಿಂದ ಮಂಜು ಏಳುತ್ತದೆ. ನೀರು ಹತ್ತು-ಹದಿಮೂರು ಡಿಗ್ರಿ ಸೆಲ್ಸಿಯಸ್ ಮಾತ್ರ, ಈಜುವ ಆಸೆ ಬೇಡವೇ ಬೇಡ. ಆದರೆ ಹವೆಯನ್ನು ಒಂದು ವಾರ ಮುಂಚೆ ಹೇಳುವುದೂ ಕಷ್ಟವಾದರೆ, ಉಬ್ಬರ-ಇಳಿತವನ್ನು ಮುಂದಿನ ವರ್ಷದ ಇಂತಿಂಥ ದಿನಕ್ಕೆ ನಿಮಿಷ ಸಮೇತ ಹೇಳಬಹುದು, ಅದು ಸೂರ್ಯ-ಚಂದ್ರರ ಗತಿಯ ಲೆಕ್ಕ. ತಿಳಿಯಲಾಗದ್ದರ ಮೇಲೆ ಯೋಜನೆ ಕಟ್ಟಲಾಗದು; ತಿಳಿದಿರುವುದರ ಮೇಲೆ ಕಟ್ಟಬಹುದು. ಕಲೇಲಾಕ್, ಮೋರಾಗಳಲ್ಲಿ ಬೇಸಿಗೆಯ ಜಾಗಗಳನ್ನು ಹೇಗೂ ತಿಂಗಳುಗಳ ಮುಂಚೆ ಕಾದಿರಿಸಬೇಕಾಗುತ್ತದೆ, ಆಗ ಕೈಯಲ್ಲಿರುವ ಒಂದೇ ಖಚಿತ ಮಾಹಿತಿ ಇದು. ವಾರ ಗೊತ್ತುಮಾಡಲು ಮನೆಯ ಗೋಡೆಯ ಕ್ಯಾಲೆಂಡರೇ ಸಾಕು: ಹುಣ್ಣಿಮೆ ಅಥವಾ ಅಮಾವಾಸ್ಯೆಯ ದಿನ ಮತ್ತು ಅದರ ನಂತರದ ಎರಡು ಮೂರು ದಿನಗಳಲ್ಲಿ ಇಳಿತ ಆಳವಾಗಿರುತ್ತದೆ, ಅಷ್ಟಮಿಯ ಸುತ್ತಮುತ್ತ ಸಪ್ಪೆ. ಬಿರುಗಾಳಿ ಎದ್ದರೆ, ವಾಯುಭಾರ ಕುಸಿದರೆ ನೀರು ಪಟ್ಟಿಯಲ್ಲಿರುವುದಕ್ಕಿಂತ ಮೇಲೇರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಪಟ್ಟಿಯ ಅಂಕಿಯನ್ನೇ ಅಂಚಿನವರೆಗೆ ನಂಬಿ ನಡೆಯುವಂತಿಲ್ಲ.

ಇದನ್ನೆಲ್ಲ ಫೋನೇ ಹೇಳುತ್ತದಲ್ಲ ಎಂಬ ಮಾತಿಗೆ ಉತ್ತರ ಚಿಕ್ಕದು. ಈ ದಂಡೆಗಳಲ್ಲಿ ಹೆಚ್ಚಿನ ಕಡೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಪಟ್ಟಿಯನ್ನು ಕಾಗದಕ್ಕೆ ಇಳಿಸಿಕೊಂಡು ಜೇಬಿನಲ್ಲಿಟ್ಟುಕೊಳ್ಳಬೇಕು.

ಅಪಾಯವನ್ನು ದೊಡ್ಡದು ಮಾಡಿ ಹೇಳುತ್ತೀರಿ, ವರ್ಷಕ್ಕೆ ಲಕ್ಷಾಂತರ ಜನ ಹೋಗಿ ಬರುವುದಿಲ್ಲವೇ ಎಂದರೆ, ಹೌದು, ಸುಖವಾಗಿಯೇ ಬರುತ್ತಾರೆ. ಆದರೆ ಅಪಾಯಗಳು ಇರುವ ಜಾಗ ತಿಳಿದಿದ್ದರೆ ಭಯಕ್ಕೆ ಕಾರಣವೂ ಇರುವುದಿಲ್ಲ. ದಂಡೆಯ ಮೇಲ್ಭಾಗದಲ್ಲಿ ಬಿಳಿಚಿಕೊಂಡು ರಾಶಿಬಿದ್ದ ದೈತ್ಯ ಮರದ ದಿಮ್ಮಿಗಳನ್ನೇ ನೋಡಿ. ನದಿಗಳು ಕಾಡಿನಿಂದ ಹೊತ್ತು ತಂದು ಕಡಲಿಗೆ ಸುರಿದದ್ದನ್ನು ಅಲೆ ಮತ್ತೆ ದಡಕ್ಕೆ ಎಸೆದಿರುತ್ತದೆ. ಒಂದೊಂದೂ ಟನ್ನುಗಟ್ಟಲೆ ತೂಕ. ಮಕ್ಕಳಿಗೆ ಅವುಗಳ ಮೇಲೆ ಹತ್ತಿ ಕುಣಿಯುವ ಆಸೆ. ಉಬ್ಬರದ ಹೊತ್ತಿನಲ್ಲಿ ಒಂದು ದೊಡ್ಡ ಅಲೆ ಕೆಳಗೆ ನುಗ್ಗಿದರೆ ಅಂಥ ದಿಮ್ಮಿಯೂ ಉರುಳುತ್ತದೆ, ಅದರಿಂದ ಜನ ಸತ್ತಿದ್ದಾರೆ. ಇಳಿತದಲ್ಲಿ ಅದೇ ದಿಮ್ಮಿ ಊಟದ ಡಬ್ಬಿ ಬಿಚ್ಚಲು ಒಳ್ಳೆಯ ಜಾಗ. ಚಳಿಗಾಲದ ಬಿರುಗಾಳಿಯ ಕಡಲನ್ನೇ ನೋಡಲು ಬಯಸುವವರಿದ್ದಾರೆ, ಅದರ ಭವ್ಯತೆಯೇ ಬೇರೆ. ಅವರು ಕಲೇಲಾಕ್‌ನ ದಿಣ್ಣೆಯ ಮೇಲೆ ನಿಂತು ನೋಡಲಿ, ದಂಡೆಗೆ ಇಳಿಯುವುದು ಬೇಡ.

ಸುನಾಮಿಯ ಫಲಕಗಳೂ ಅಲ್ಲಲ್ಲಿ ಕಾಣುತ್ತವೆ, ಅವನ್ನು ಅಲಂಕಾರಕ್ಕೆ ಹಾಕಿಲ್ಲ. 1700ರ ಜನವರಿ 26ರ ರಾತ್ರಿ ಈ ಕರಾವಳಿಯಾಚೆಯ ಕ್ಯಾಸ್ಕೇಡಿಯಾ ಸ್ತರಭಂಗ ವಲಯದಲ್ಲಿ ಭಾರೀ ಭೂಕಂಪವಾಯಿತು. ಅಷ್ಟು ಖಚಿತ ದಿನಾಂಕ ಸಿಕ್ಕಿದ್ದು ಕಡಲಾಚೆಯ ಜಪಾನಿನ ದಾಖಲೆಗಳಿಂದ. ಅಲ್ಲಿ ನೆಲ ನಡುಗದೆಯೇ ಸುನಾಮಿ ಬಂದದ್ದನ್ನು ಬರೆದಿಟ್ಟಿದ್ದರು. ಸುನಾಮಿಯ ಅಪಾಯ ಇಂದಿಗೂ ಇರುವುದರಿಂದ 2012ರಲ್ಲಿ ಅಮೆರಿಕದ ಸಂಸತ್ತು ಇದೇ ಉದ್ಯಾನದ 785 ಎಕರೆಯನ್ನು ಕ್ವಿಲಿಯೂಟ್ ಜನರಿಗೆ ಎತ್ತರದಲ್ಲಿ ಊರು ಕಟ್ಟಿಕೊಳ್ಳಲು ಬಿಟ್ಟುಕೊಟ್ಟಿತು, 2022ರಲ್ಲಿ ಅವರ ಶಾಲೆ ಅಲ್ಲಿಗೆ ಸ್ಥಳಾಂತರವಾಯಿತು. ನೆಲ ಜೋರಾಗಿ ನಡುಗಿದರೆ ಸೈರನ್‌ಗೆ ಕಾಯದೆ ಎತ್ತರಕ್ಕೆ ಹೋಗುವುದು, ಪ್ರವಾಸಿ ತಿಳಿದಿರಬೇಕಾದದ್ದು ಇಷ್ಟೇ. ಈ ದಂಡೆಗೆ ಜನರ ಇತಿಹಾಸವೂ ಇದೆ ಎಂಬುದು ಯೋಜನೆಯಲ್ಲಿ ಸೇರಬೇಕು. ಓಜೆಟ್ ಎಂಬಲ್ಲಿ ಮಕಾ ಬುಡಕಟ್ಟಿನ ಜನರ ಹಳ್ಳಿಯ ಮನೆಗಳು ಶತಮಾನಗಳ ಹಿಂದೆ ಕೆಸರಿನ ಕುಸಿತದಡಿ ಹೂತುಹೋಗಿದ್ದವು. 1970ರ ಬಿರುಗಾಳಿಯ ಅಲೆಗಳು ದಡವನ್ನು ಕೊರೆದಾಗ ಅವು ಹೊರಬಿದ್ದವು. ರಿಚರ್ಡ್ ಡಾಹರ್ಟಿಯವರ ತಂಡ ಮಕಾ ಜನರೊಂದಿಗೆ ಸೇರಿ ಹನ್ನೊಂದು ವರ್ಷ ಅಗೆದು ಸುಮಾರು 55,000 ವಸ್ತುಗಳನ್ನು ಎತ್ತಿತು. ಅವು ದೂರದ ಮಹಾನಗರದ ಸಂಗ್ರಹಾಲಯಕ್ಕೆ ಹೋಗದೆ ನೀಯಾ ಬೇ ಊರಿನಲ್ಲಿ, ಮಕಾ ಜನರದೇ ವಸ್ತುಸಂಗ್ರಹಾಲಯದಲ್ಲಿವೆ. ಉಬ್ಬರದ ಮಧ್ಯಾಹ್ನವೊಂದನ್ನು ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ಈ ಸುತ್ತಿನಲ್ಲಿಲ್ಲ. ಅಲ್ಲಿಂದ ಶೈ ಶೈ ಬೀಚಿಗೆ ನಡೆಯುವವರು ಮಕಾ ನೆಲದ ಪರವಾನಗಿ ಚೀಟಿಯನ್ನು ಊರಿನಲ್ಲೇ ಕೊಳ್ಳಬೇಕು. ದಂಡೆಯಲ್ಲಿ ರಾತ್ರಿ ಡೇರೆ ಹಾಕುವುದಾದರೆ ಉದ್ಯಾನದ ಅನುಮತಿ ಬೇರೆ ಬೇಕು, ತಿನಿಸನ್ನು ಗಟ್ಟಿ ಡಬ್ಬಿಯಲ್ಲಿ ಇಡುವುದು ಕಡ್ಡಾಯ. ಕರಡಿಗಿಂತ ಹೆಚ್ಚಾಗಿ ರಕೂನ್‌ಗಳು ಅಲ್ಲಿ ಚೀಲ ಬಿಚ್ಚುವುದರಲ್ಲಿ ಪಳಗಿವೆ.

ಕೊನೆಯದಾಗಿ, ಊರಿನಿಂದ ಬಂದ ಹಿರಿಯರನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಬಂಡೆಗಳಿಗೆ ಕರೆದೊಯ್ಯುವುದು ಹೇಗೆ ಎಂಬ ಚಿಂತೆ. ನಡಿಗೆಯ ಮಟ್ಟಿಗೆ ಈ ಚಿಂತೆ ನ್ಯಾಯವಾದದ್ದು: ಓಜೆಟ್‌ನ ಹದಿನೈದು ಕಿಲೋಮೀಟರ್ ಸುತ್ತು, ಹಗ್ಗದ ಏರುಗಳು ಅವರಿಗೆ ಬೇಡ. ರಿಯಾಲ್ಟೊ ಬೀಚಿನಲ್ಲಿ ಕಾರು ನಿಲ್ಲಿಸುವ ಜಾಗದ ಮುಂದೆಯೇ ಕಡಲಿದೆ. ಕಲೇಲಾಕ್‌ನ ಬೀಚ್ 4ರಲ್ಲಿ ಗಿಡ್ಡ ಇಳಿಜಾರಿನ ಕಾಲುದಾರಿ ಇಳಿದರೆ ನಕ್ಷತ್ರಮೀನಿನ ಬಂಡೆಗಳೇ ಎದುರಿಗಿರುತ್ತವೆ. ಕೊನೆಯ ಕೆಲವು ಹೆಜ್ಜೆ ಬಂಡೆಯ ಮೇಲಾದ್ದರಿಂದ ಕೈಹಿಡಿದು ಇಳಿಸಬೇಕಾದೀತು. ಬೆಚ್ಚನೆಯ ಟೊಪ್ಪಿಗೆ, ಜಾರದ ಚಪ್ಪಟೆ ಅಡಿಯ ಬೂಟು, ಫ್ಲಾಸ್ಕಿನಲ್ಲಿ ಕಾಫಿ ಇದ್ದರೆ ಸಾಕು. ಬೇಗ ಏಳುವ ವಿಚಾರದಲ್ಲಂತೂ ಹೊಸದಾಗಿ ಬಂದವರಿಗೇ ಅನುಕೂಲ. ಬೆಂಗಳೂರಿನಿಂದ ಬಂದಿಳಿದವರ ನಿದ್ದೆ ಮೊದಲ ವಾರವೆಲ್ಲ ಹೊತ್ತಲ್ಲದ ಹೊತ್ತಿಗೆ ಒಡೆಯುತ್ತದೆ, ಮೂರು ನಾಲ್ಕು ಗಂಟೆಗೇ ಎದ್ದು ಕುಳಿತಿರುತ್ತಾರೆ. ಅವರು ಬಂದ ವಾರದಲ್ಲೇ ಹುಣ್ಣಿಮೆಯೋ ಅಮಾವಾಸ್ಯೆಯೋ ಬಿದ್ದರೆ, ಟಿಕೆಟ್ ತೆಗೆಸುವಾಗಲೇ ಅದನ್ನು ನೋಡಿಕೊಂಡರೆ, ಆರೂವರೆಯ ಇಳಿತಕ್ಕೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಸಿದ್ಧರಾಗಿ ನಿಲ್ಲುವವರು ಅವರೇ.